ಕಮಲಕ್ಕನ ಕೂಸಿನ ಕೌದಿ

ನಮ್ಮ ವಠಾರದಲ್ಲಿ ಹುಟ್ಟಿದ ಯಾವ ಮಗುವೂ ಅಂಗಡಿಯಿಂದ ತಂದ ಹೊದಿಕೆಯಲ್ಲಿ ಮಲಗಿದ್ದನ್ನು ನಾನು ಕಾಣೆ. ಯಾರಿಗಾದರೂ ಏಳು ತಿಂಗಳು ತುಂಬಿತೆಂದರೆ ನಮ್ಮಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಮನೆಗೂ ಹೋಗಿ ಹಳೇ ಸೀರೆ ಕೇಳುತ್ತಿದ್ದಳು. ಇಲ್ಲ ಅಂದವರು ಯಾರೂ ಇಲ್ಲ. ಸಿದ್ದಾಪುರದಲ್ಲಿ, ಲಾಲ್‌ಬಾಗಿನ ಗೋಡೆಗೆ ಎರಡು ಬೀದಿ ಈಚೆಗಿದ್ದ ವಠಾರ ಅದು. ಸಾಲಾಗಿ ಆರು ಮನೆ, ಎಲ್ಲಕ್ಕೂ ಸೇರಿ ಒಂದು ಅಂಗಳ, ಮೂಲೆಯಲ್ಲಿ ಒಂದು ನಲ್ಲಿ, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲು. ನಮ್ಮದು ಮೂರನೆಯ ಮನೆ. ಮುಂದೊಂದು ಕೋಣೆ, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು. ಅಪ್ಪ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಅಮ್ಮ ಜಯನಗರದ ಒಂದು ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಇಬ್ಬರೂ ಉಪ್ಪಿಟ್ಟು ತಿಂದು ಹೊರಟರೆ ಸಂಜೆಯವರೆಗೆ ಮನೆ ಅಜ್ಜಿಯದು. ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ನಾನೂ ಅಜ್ಜಿಯವಳೇ. ಅಜ್ಜಿ ಎಂದರೆ ಅಪ್ಪನ ತಾಯಿ, ರುದ್ರಮ್ಮ. ಮಾಗಡಿ ಕಡೆಯ ಹಳ್ಳಿಯವಳು. ಹಣೆಯ ಉದ್ದಕ್ಕೂ ವಿಭೂತಿ, ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಯಾವಾಗಲೂ ಏನಾದರೊಂದು ಕೆಲಸ. ಸುಮ್ಮನೆ ಕೂತಿದ್ದ ಅಜ್ಜಿಯನ್ನು ನಾನು ಮೊದಲ ಸಲ ನೋಡಿದ್ದು ನನಗೆ ಹತ್ತು ವರ್ಷವಾದಾಗ. ಅದನ್ನು ಹೇಳುವ ಮೊದಲು ಅವಳು ಸುಮ್ಮನಿರದ ದಿನಗಳನ್ನು ಹೇಳಬೇಕು.

ಕೌದಿಗೆ ಕೂರುವುದು ಮಧ್ಯಾಹ್ನ ಊಟವಾದ ಮೇಲೆ. ಆ ಹೊತ್ತಿಗೆ ನಲ್ಲಿ ನಿಂತಿರುತ್ತಿತ್ತು, ಗಂಡಸರು ಕೆಲಸಕ್ಕೆ ಹೋಗಿರುತ್ತಿದ್ದರು, ಅಂಗಳದ ಅರ್ಧಕ್ಕೆ ನೆರಳು ಬಂದಿರುತ್ತಿತ್ತು. ಅಜ್ಜಿ ಚಾಪೆ ಹಾಸಿ, ಅದರ ಮೇಲೆ ಗಟ್ಟಿಯಾದೊಂದು ಸೀರೆ, ಸೀರೆಯ ಮೇಲೆ ಸವೆದ ಪಂಚೆಗಳ ಎರಡು ಮೂರು ಪದರ, ಎಲ್ಲದರ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು. ಗಾಳಿಗೆ ಏಳದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಭಾರ: ಎರಡು ಇಟ್ಟಿಗೆ, ನಮ್ಮ ರುಬ್ಬುಗುಂಡು, ಸಾವಿತ್ರಮ್ಮನವರ ಕುಟ್ಟಾಣಿ. ಹೆಂಗಸರು ಸುತ್ತ ಕೂತು ಅಂಚಿನಿಂದ ಹೊಲಿಯಲು ಶುರು ಮಾಡಿದರೆ ಸಾಲಿನ ಒಳಗೆ ಸಾಲು ಸುತ್ತಿಕೊಂಡು ಹೊಲಿಗೆ ನಡುವಿಗೆ ಬರುತ್ತಿತ್ತು. ನಡುವಿನ ಒಂದು ಚೌಕ ಮಾತ್ರ ಕೊನೆಗೆ. ಅದಕ್ಕೆ ಯಾವ ತುಂಡು ಎನ್ನುವುದನ್ನು ಅಜ್ಜಿಯೇ ಆರಿಸಬೇಕು. ಆ ಮಗುವಿಗೆ, ಆ ಮನೆಗೆ ಯಾವುದು ಸರಿ ಎಂದು ಅವಳ ಮನಸ್ಸಿನಲ್ಲೇ ಏನೋ ಲೆಕ್ಕ ಇರುತ್ತಿತ್ತು, ಕೇಳಿದರೆ ಹೇಳುತ್ತಿರಲಿಲ್ಲ. ಅಜ್ಜಿಗೆ ಹತ್ತಿರದ್ದು ಸರಿಯಾಗಿ ಕಾಣದ್ದರಿಂದ ಸೂಜಿಗಳಿಗೆ ದಾರ ಪೋಣಿಸುವುದು ನನ್ನ ಕೆಲಸ. ಒಂದು ಹೊತ್ತಿಗೆ ಐದಾರು ಸೂಜಿ ಪೋಣಿಸಿ ಒಂದು ಹಳೇ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದೆ. ಹೊಲಿಗೆ ಉದ್ದ ಬಿತ್ತೆಂದರೆ ಅಜ್ಜಿ ಬೆರಳಿನಲ್ಲೇ ಮುಟ್ಟಿ ಕಂಡುಹಿಡಿಯುತ್ತಿದ್ದಳು.

"ಓಡೋದೆಲ್ಲಿಗೆ ಕಣವ್ವಾ? ಸಣ್ಣಗ್ ಹಾಕು. ಮಗೀನ ಬೆರಳು ದಾರಕ್ ಸಿಕ್ಕಾಕ್ಕೊಂಡ್ರೆ?"

ಕೊನೆಯ ಮನೆಯ ಸಾವಿತ್ರಮ್ಮ ವಠಾರಕ್ಕೇ ದೊಡ್ಡ ಗಂಟಲಿನವರು. ಒಂದು ಸಲ ಬಿಳಿಚಿಹೋದ ಗುಲಾಬಿ ತುಂಡೊಂದನ್ನು ಎತ್ತಿ ತೋರಿಸಿ ಹೇಳಿದ್ದರು:

"ನೋಡಿ ಅಜ್ಜೀ, ನಮ್ಮನೆಯವ್ರು ಮೊದಲ್ನೇ ದೀಪಾವಳಿಗೆ ತಂದ್ ಸೀರೆ ಇದು. ಬಣ್ಣ ಒಂದೇ ಒಗೆತಕ್ಕೆ ಹೋಯ್ತು. ಸಿಟ್ಟು ಮಾತ್ರ ಇವತ್ತಿಗೂ ಹೋಗಿಲ್ಲ."

ಅಜ್ಜಿ ನಕ್ಕು ನಕ್ಕು ಎಲೆಯಡಿಕೆ ನೆತ್ತಿಗೇರಿ ಕೆಮ್ಮಿದ್ದಳು. ಹೀಗೆ ಒಂದೊಂದು ತುಂಡಿಗೂ ಒಂದೊಂದು ಕತೆ. ಯಾರ ಧಾರೆ ಸೀರೆ, ಯಾರ ತಂಗಿ ಬಿಟ್ಟುಹೋದದ್ದು, ಯಾವುದು ಒಲೆಯ ಕಿಡಿ ಬಿದ್ದು ತೂತಾದದ್ದು ಎಲ್ಲ ಅಲ್ಲಿ ಬಂದುಹೋಗುತ್ತಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ತಾಗಿಸಿ ಜಗಳವಾಡಿದವರೇ ಮಧ್ಯಾಹ್ನ ಒಂದೇ ಕೌದಿಯ ಎರಡು ಕಡೆ ಕೂತು ಹೊಲಿಯುತ್ತಿದ್ದರು. ಮುಗಿದ ದಿನ ಪದರಗಳು ಒಂದಕ್ಕೊಂದು ಕೂತುಕೊಳ್ಳಲಿ ಎಂದು ಮಕ್ಕಳನ್ನೆಲ್ಲ ಅದರ ಮೇಲೆ ಉರುಳಲು ಬಿಡುತ್ತಿದ್ದರು; ವರ್ಷದಲ್ಲಿ ಅದಕ್ಕಿಂತ ದೊಡ್ಡ ಹಬ್ಬ ನಮಗೆ ಬೇರೆ ಇರಲಿಲ್ಲ. ಕೌದಿ ಪಡೆದ ಮನೆಯವರು ಎಲೆಯಡಿಕೆ, ಒಂದಚ್ಚು ಬೆಲ್ಲ ಕೊಟ್ಟರೆ ಮುಗಿಯಿತು. ಯಾರ ಮನೆಗೆ ನೆಂಟರು ಬಂದರೂ ಎಲ್ಲರ ಮನೆಯ ಕೌದಿಗಳು ಆ ಮನೆಗೆ ಹೋಗುತ್ತಿದ್ದವು. ನೆಂಟರು ಹೊರಟ ಮೇಲೆ ಯಾವುದು ಯಾರದೆಂದು ನೋಡದೆ ಕೈಗೆ ಸಿಕ್ಕಿದ್ದನ್ನು ತರುತ್ತಿದ್ದರು. ಸಾವಿತ್ರಮ್ಮನವರ ಮನೆಯಲ್ಲಿ ಮಲಗಿದಾಗ ನನ್ನ ಹಳೇ ಲಂಗದ ಹೂವು ನನ್ನ ಕೆನ್ನೆಯ ಕೆಳಗೆ ಸಿಕ್ಕಿದ್ದುಂಟು. ನಮ್ಮ ಮನೆ ಎಂದರೆ ಆರೂ ಮನೆ ಎಂದು ನಾನು ತಿಳಿದುಕೊಂಡಿದ್ದಕ್ಕೆ ಈ ಕೌದಿಗಳೇ ಕಾರಣವಿರಬೇಕು.

ನಮ್ಮ ಗೋಡೆಗೆ ಅಂಟಿಕೊಂಡ ನಾಲ್ಕನೆಯ ಮನೆ ಕಮಲಕ್ಕನದು. ಮದುವೆಯಾಗಿ ಎಂಟು ವರ್ಷ, ಎರಡು ಸಲ ಬಸಿರು ನಿಂತು ಎರಡೂ ಸಲ ಇಳಿದುಹೋಗಿತ್ತು. ತಾಯಿಯಿರಲಿಲ್ಲ. ಊರಿನಿಂದ ಬಂದು ನೋಡಿಕೊಳ್ಳಲು ಒಬ್ಬ ಅಕ್ಕ ಇದ್ದಳು, ಅಷ್ಟೇ. ಮೂರನೆಯ ಸಲ ಏಳು ತಿಂಗಳು ತುಂಬಿದ ದಿನ ಕಮಲಕ್ಕ ತಾನಾಗಿಯೇ ನಮ್ಮ ಬಾಗಿಲಿಗೆ ಬಂದು ನಿಂತಳು.

"ಅಜ್ಜಿ, ನಂಗೂ ಒಂದ್ ಹೊಲೀತೀರಾ?"

ಅಜ್ಜಿ ಅವಳ ಕೆನ್ನೆ ಹಿಡಿದು ಒಳಗೆ ಕರೆದು ಕೂರಿಸಿದಳು. ಆ ಕೌದಿಗೆ ಅಜ್ಜಿ ಪಟ್ಟಷ್ಟು ಪಾಡು ಇನ್ನಾವುದಕ್ಕೂ ಪಡಲಿಲ್ಲ. ನಮ್ಮ ಆರು ಮನೆ ಸಾಲದೆ ಬೀದಿಯ ಎದುರು ಸಾಲಿನವರನ್ನೂ ಕೇಳಿ ತಂದಳು. ಮೆತ್ತಗಿರುವುದನ್ನು ಕೆನ್ನೆಗೆ ತಾಗಿಸಿ ನೋಡಿ ಆರಿಸಿದಳು. ಅರ್ಧಕ್ಕಿಂತ ಹೆಚ್ಚು ಹೊಲಿದಾಗಿತ್ತು. ನಡುವಿನ ಚೌಕ ಖಾಲಿ ಇತ್ತು.

ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಅಜ್ಜಿ ನಲ್ಲಿಯ ಕೆಳಗೆ ಕೊಡ ಇಟ್ಟವಳು ಅದನ್ನು ಎತ್ತಲು ಬಗ್ಗಿದಳು, ಎತ್ತಲಿಲ್ಲ. ಬಗ್ಗಿದ ಹಾಗೆಯೇ ಬಲಕ್ಕೆ ವಾಲಿ ಒಗೆಯುವ ಕಲ್ಲಿಗೆ ಒರಗಿ ಕೂತುಬಿಟ್ಟಳು. ಕೊಡ ತುಂಬಿ ಹರಿಯುತ್ತಿತ್ತು. ನಾನು ಮೊದಲು ನಲ್ಲಿ ನಿಲ್ಲಿಸಿದೆ. ಆಮೇಲೆ ಕೂಗಿದೆ. ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆಸ್ಪತ್ರೆಯಿಂದ ಎಂಟನೆಯ ದಿನ ಅಜ್ಜಿಯನ್ನು ಆಟೋದಲ್ಲಿ ಕರೆತಂದರು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು, ಒಂದು ಮಾತನ್ನು ಬಿಟ್ಟು. ಅದು "ಅಲ್ಲ". ನೀರು ಬೇಕಾದರೂ ಅಲ್ಲ, ಬೇಡವಾದರೂ ಅಲ್ಲ. ಅಪ್ಪ "ಅವ್ವಾ" ಎಂದು ಕರೆದರೆ ಅದಕ್ಕೂ ಅಲ್ಲ. ತಲೆಯಾಡಿಸಿದರೆ ಹೌದೆಂದೋ ಇಲ್ಲವೆಂದೋ ತಿಳಿಯದ ಹಾಗೆ ಅಲುಗುತ್ತಿತ್ತು. ಅವಳಿಗೆ ಬೇರೆ ಏನೋ ಹೇಳಬೇಕಿರುತ್ತಿತ್ತು. ಬಾಯಿಗೆ ಬರುತ್ತಿದ್ದುದು ಅದೊಂದೇ. ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡು ಅವಳು ಬೆಚ್ಚುವುದನ್ನು ನೋಡಲಾಗುತ್ತಿರಲಿಲ್ಲ. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರಂತೆ.

ಅಮ್ಮ ರಜೆ ಮುಗಿಸಿ ಕೆಲಸಕ್ಕೆ ಹೋಗಲೇಬೇಕಿತ್ತು. ಬೆಳಿಗ್ಗೆ ಸಾವಿತ್ರಮ್ಮ ನೋಡಿಕೊಳ್ಳುತ್ತಿದ್ದರು, ಮಧ್ಯಾಹ್ನದ ನಂತರ ನಾನು. ಪಕ್ಕದಲ್ಲೇ ಕೂತಿರುತ್ತಿದ್ದುದರಿಂದ ನನಗೆ ಕೆಲವು ತಿಳಿಯತೊಡಗಿದವು. ಮೆಲ್ಲಗೆ "ಅಲ್ಲ" ಎಂದರೆ ನೀರು. ಬೇಗಬೇಗ ಎರಡು ಸಲ ಅಂದರೆ ಬಚ್ಚಲು. ಜೋರಾಗಿ ಅಂದರೆ ತುಂಬ ಬೇಕಾದದ್ದು ಏನೋ, ತಡಮಾಡಬಾರದು. ಇದರಲ್ಲಿ ನಿಜ ಅರ್ಧ. ಇನ್ನರ್ಧ ನಾನು ಹೊತ್ತು ನೋಡಿ ಊಹಿಸುತ್ತಿದ್ದದ್ದು. ಆದರೆ ವಠಾರದಲ್ಲಿ ನನ್ನ ಹೆಸರು ಹಬ್ಬಿತು. ಏನಾದರೂ ತಿಳಿಯದಿದ್ದರೆ "ಗಿರಿಜೇನ ಕರೀರಿ, ಅವಳಿಗೆ ಗೊತ್ತಾಗತ್ತೆ" ಎನ್ನುತ್ತಿದ್ದರು. ಅಮ್ಮ ಕೂಡ ಕೇಳುತ್ತಿದ್ದಳು, "ಏನಂತೆ ಅಜ್ಜಿಗೆ?" ಎಂದು. ಹತ್ತು ವರ್ಷದ ನನಗೆ ಅದು ಎಷ್ಟು ದೊಡ್ಡ ಪದವಿಯಾಗಿತ್ತೆಂದರೆ, ಗೊತ್ತಿಲ್ಲ ಎನ್ನುವುದನ್ನೇ ಬಿಟ್ಟುಬಿಟ್ಟೆ.

ಕಮಲಕ್ಕನಿಗೆ ದಿನ ತುಂಬುತ್ತಾ ಬಂದಿತ್ತು. ಹೆಂಗಸರು ಅಜ್ಜಿಯ ಹಾಸಿಗೆಯ ಪಕ್ಕದಲ್ಲೇ ಕೌದಿ ಹಾಸಿಕೊಂಡು ಉಳಿದ ಸಾಲುಗಳನ್ನು ಮುಗಿಸಿದರು. ತನಗಾಗಿ ಹೊಲಿಯುವ ಕೌದಿಯಾದ್ದರಿಂದ ಕಮಲಕ್ಕ ಬಂದಿರಲಿಲ್ಲ. ಅಪ್ಪ, ಅಮ್ಮ ಕೆಲಸಕ್ಕೆ ಹೋಗಿದ್ದರು. ನಡುವಿನ ಚೌಕ ಬಂತು.

"ಅಜ್ಜೀ, ನಡುವಿಗೆ ಯಾವುದು ಇಟ್ಕೊಂಡಿದ್ರಿ? ಕೈ ತೋರ್ಸಿ ಸಾಕು," ಎಂದರು ಸಾವಿತ್ರಮ್ಮ.

ಅಜ್ಜಿ ಎಡಗೈ ಎತ್ತಿದಳು. ಕೈ ಮೂಲೆಯಲ್ಲಿದ್ದ ಅವಳ ಟ್ರಂಕಿನ ಕಡೆ ತಿರುಗಿತು. ಟ್ರಂಕಿನ ಕಡೆಯೋ, ಅದರ ಪಕ್ಕದ ಕಿಟಕಿಯ ಕಡೆಯೋ, ಈಗ ನಾನು ಆಣೆಯಿಟ್ಟು ಹೇಳಲಾರೆ. ನಾನು ಟ್ರಂಕು ತೆಗೆದೆ. ಒಂದೊಂದೇ ಬಟ್ಟೆ ಎತ್ತಿ ತೋರಿಸಿದೆ. ಅಲ್ಲ. ಇದಾ ಅಜ್ಜಿ? ಅಲ್ಲ. ಇದಾ? ಅಲ್ಲ. ಹೆಂಗಸರು ಸೂಜಿ ಹಿಡಿದು ಕಾಯುತ್ತಿದ್ದರು. ತಳದಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಒಂದು ಕೆಂಪು ಸೀರೆ ಸಿಕ್ಕಿತು, ಹಳದಿ ಅಂಚಿನದು. ಅಷ್ಟು ಚೆಂದದ ಸೀರೆ ಅಜ್ಜಿಯ ಹತ್ತಿರ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅದನ್ನು ಬಿಚ್ಚಿ ಹಿಡಿದ ತಕ್ಷಣ ಅಜ್ಜಿ ಗಂಟಲು ಕಿತ್ತುಬರುವ ಹಾಗೆ "ಅಲ್ಲ!" ಎಂದಳು. ಎಡಗೈ ಹಾಸಿಗೆಯನ್ನು ಬಡಿಯಿತು.

"ಏನಂತೆ ಗಿರಿಜಾ?"

ಜೋರಾಗಿ ಅಂದರೆ ತುಂಬ ಬೇಕಾದದ್ದು. ನನ್ನ ಲೆಕ್ಕ ಹಾಗಿತ್ತು. ಆದರೆ ಅಜ್ಜಿಯ ಕಣ್ಣು ನಾನು ನೋಡಿದೆ. ಅದರಲ್ಲಿ ಸಂತೋಷ ಇರಲಿಲ್ಲ. ಅದು ಇಲ್ಲದಿರುವುದು ನನಗೆ ಕಂಡಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಇದೇ ಅಂತೆ," ಎಂದೆ.

"ಅವ್ರ ಧಾರೆ ಸೀರೆ ಇರ್ಬೇಕು. ಕಮಲಂಗೆ ಅಂತ ಇಟ್ಟಿದಾರೆ ನೋಡಿ, ಎಂಥಾ ಜೀವ!" ಎಂದು ಸಾವಿತ್ರಮ್ಮ ಕಣ್ಣೊರೆಸಿಕೊಂಡರು. ಕತ್ತರಿ ಬಂತು. ಸೀರೆ ಹರಿದ ಸದ್ದಿಗೆ ಅಜ್ಜಿ ಅಳಲು ಶುರು ಮಾಡಿದಳು. "ಸಂತೋಷಕ್ಕೆ ಅಳ್ತಿದಾಳೆ," ಎಂದೆ ನಾನು. ಯಾರೂ ಕೇಳಿರಲಿಲ್ಲ, ನಾನಾಗಿಯೇ ಹೇಳಿದೆ.

ಕಮಲಕ್ಕನಿಗೆ ಹೆಣ್ಣುಮಗು ಹುಟ್ಟಿತು. ಹೆಸರಿಡುವ ದಿನ ವಠಾರವೆಲ್ಲ ಅವಳ ಮನೆಯಲ್ಲೇ ಊಟ ಮಾಡಿತು. ಮಗುವಿಗೆ ಸುಮ ಎಂದು ಕರೆದು ಮುಗಿಸಿದ ಮೇಲೆ ಕಮಲಕ್ಕ ಮಗುವನ್ನು ಆ ಕೌದಿಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಅಜ್ಜಿಯ ಮಡಿಲಿನಲ್ಲಿ ಕೌದಿ ಬಿಡಿಸಿ ಮಗುವನ್ನು ಮಲಗಿಸಿ, "ಹರಸಿ ಅಜ್ಜಿ," ಎಂದಳು. ಅಜ್ಜಿ ಎಡಗೈಯಿಂದ ಮಗುವಿನ ತಲೆ ಸವರಿದಳು. ಆಮೇಲೆ ಅದೇ ಕೈ ಕೆಳಗಿಳಿದು ಕೌದಿಯ ನಡುವಿನ ಕೆಂಪು ಚೌಕಕ್ಕೆ ಬಂತು. ಉಗುರು ಹಾಕಿ ಹೊಲಿಗೆ ಕೀಳತೊಡಗಿದಳು. ಕೀಳಲು ಆಗಲಿಲ್ಲ, ಹೊಲಿಗೆ ಅವಳೇ ಕಲಿಸಿದಷ್ಟು ಸಣ್ಣಗಿತ್ತು. ಅಲ್ಲ, ಅಲ್ಲ, ಅಲ್ಲ ಎಂದು ಮೈಯೆಲ್ಲ ಅದುರಿಸುತ್ತಿದ್ದಳು. ಮಗು ಬೆಚ್ಚಿ ಅತ್ತಿತು. ಕಮಲಕ್ಕ ಅದನ್ನು ಬಾಚಿಕೊಂಡು ನನ್ನ ಕಡೆ ನೋಡಿದಳು.

"ಏನಾಯ್ತು? ಯಾಕೆ ಹಿಂಗೆ?"

ಬಾಗಿಲಲ್ಲಿ ನಿಂತಿದ್ದ ಅಪ್ಪ ಆ ಕೆಂಪು ಚೌಕವನ್ನೇ ನೋಡುತ್ತಿದ್ದ. "ಅವ್ವಂಗೆ ಸುಸ್ತಾಗಿದೆ ಕಮಲಮ್ಮ, ನೀವ್ ಮಗು ಕರ್ಕೊಂಡ್ ಹೋಗಿ," ಎಂದಷ್ಟೇ ಹೇಳಿದ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಟ್ರಂಕು ತೆಗೆದು ಕತ್ತರಿಸಿದ ಸೀರೆ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತ. ಅದು ಗೌರಿಯ ಸೀರೆ ಎಂದು ಆಗ ಹೇಳಿದ. ಗೌರಿ ಅಪ್ಪನ ಅಕ್ಕ, ಚೊಚ್ಚಲ ಹೆರಿಗೆಗೆ ಹಳ್ಳಿಗೆ ಬಂದವಳು. ಅವಳೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಬಂದಾಗ ಉಟ್ಟಿದ್ದ ಸೀರೆ ಅದು. ಅಪ್ಪನ ಮದುವೆಗೆ ಮುಂಚಿನ ಮಾತಾದ್ದರಿಂದ ಅಮ್ಮನಿಗೂ ಸೀರೆಯ ವಿಷಯ ಗೊತ್ತಿರಲಿಲ್ಲ. ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಕೌದಿಗೆ ಹಾಕುತ್ತಿದ್ದ ಅಜ್ಜಿ ಅದೊಂದನ್ನು ಮಾತ್ರ ಅಷ್ಟು ವರ್ಷ ಮುಟ್ಟದೆ ಇಟ್ಟಿದ್ದಳು.

"ಕಮಲಕ್ಕಂಗೆ ಹೇಳ್ಬಿಡೋಣ ಅಪ್ಪಾ. ನಾನೇ ಹೇಳ್ತೀನಿ," ಎಂದೆ ಅಳುತ್ತಾ.

"ಏನಂತ ಹೇಳ್ತೀಯ? ಎಂಟು ವರ್ಷಕ್ಕೆ ಹುಟ್ಟಿರೋ ಮಗು. ಇದು ಗೊತ್ತಾದ್ರೆ ಆ ಹೆಣ್ಮಗಳು ಮಗು ಸೀನಿದ್ರೂ ಹೆದರ್ಕೊಂಡ್ ಸಾಯ್ತಾಳೆ. ಬಟ್ಟೆ ಅಷ್ಟೇ ಅದು. ಯಾರೂ ಬಾಯ್ ಬಿಡ್ಬೇಡಿ."

"ಅತ್ತೆಗೆ ಏನ್ ಹೇಳೋದು?" ಎಂದಳು ಅಮ್ಮ.

ಅಪ್ಪ ಸೀರೆಯನ್ನು ಮತ್ತೆ ಪಂಚೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕಿಟ್ಟ. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆಮೇಲೆ ಅಜ್ಜಿ ನಾಲ್ಕು ತಿಂಗಳು ಬದುಕಿದ್ದಳು. ನಡುವಿನ ಗೋಡೆಯಾಚೆ ಮಗು ಅತ್ತಾಗಲೆಲ್ಲ ಅವಳ ಎಡಗೈ ಗೋಡೆಗೆ ಹೋಗುತ್ತಿತ್ತು. ಗೋಡೆಯನ್ನು ತಟ್ಟಿ ತಟ್ಟಿ ಅದೊಂದೇ ಮಾತು. "ಮಗು ಚೆನ್ನಾಗಿದೆ ಅಜ್ಜಿ, ಹಾಲು ಕುಡೀತಿದೆ, ದಪ್ಪ ಆಗಿದೆ," ಎಂದು ನಾನು ದಿನಾ ವರದಿ ಒಪ್ಪಿಸುತ್ತಿದ್ದೆ. ನಂಬಿದಳೋ ಇಲ್ಲವೋ. ಒಂದು ದಿನ ಅವಳ ಎದೆಗೆ ಮುಖವಿಟ್ಟು, "ನಾನೇ ಸುಳ್ಳು ಹೇಳ್ದೆ ಅಜ್ಜಿ," ಎಂದೆ. ಅವಳು ನನ್ನ ಕೂದಲಲ್ಲಿ ಬೆರಳಾಡಿಸುತ್ತಾ "ಅಲ್ಲ" ಎಂದಳು. ನಿನ್ನ ತಪ್ಪಲ್ಲ ಎಂದಳೋ, ಬೇರೆ ಏನೋ ಹೇಳಹೋಗಿ ಅದು ಬಂತೋ, ನನಗೆ ಇಂದಿಗೂ ಗೊತ್ತಿಲ್ಲ. ನನಗೆ ಬೇಕಾದ ಅರ್ಥವನ್ನು ಆ ಮಾತಿಗೆ ಕೊಡುವ ಧೈರ್ಯ ಆಮೇಲೆ ಬರಲಿಲ್ಲ. ಇನ್ನೊಂದು ಮಧ್ಯಾಹ್ನ ಅಮ್ಮನ ಸಣ್ಣ ಕತ್ತರಿಯನ್ನು ಲಂಗದ ಜೇಬಿನಲ್ಲಿ ಇಟ್ಟುಕೊಂಡು ಕಮಲಕ್ಕನ ಮನೆಗೆ ಹೋದೆ. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಲಲ್ಲಿ ಹಾಸಿದ್ದರು, ಅಂಚು ಮಾತ್ರ ಕಾಣುತ್ತಿತ್ತು, ಮೇಲೆ ಮಗು ಮಲಗಿತ್ತು. ಮಗುವನ್ನು ಎತ್ತದೆ ಕೌದಿ ಎಳೆಯುವಂತಿರಲಿಲ್ಲ. ನಾನು ಅಲ್ಲಿ ನಿಂತದ್ದನ್ನು ಕಂಡು ಕಮಲಕ್ಕ, "ಎತ್ಕೋತೀಯಾ?" ಎಂದು ಮಗುವನ್ನು ನನ್ನ ತೋಳಿಗೇ ಕೊಟ್ಟುಬಿಟ್ಟಳು. ಎರಡೂ ಕೈ ತುಂಬಿ ನಿಂತೆ. ಕತ್ತರಿ ತೊಡೆಗೆ ಚುಚ್ಚುತ್ತಿತ್ತು. ಆಮೇಲೆ ಆ ಮನೆಗೆ ಹೋಗುವುದನ್ನೇ ಬಿಟ್ಟೆ. ಮಗುವಿಗೆ ಒಂದು ಸಲ ಮೂರು ದಿನ ಜ್ವರ ಬಂದಾಗ ನಾನು ಊಟ ಬಿಟ್ಟೆ. ಜ್ವರ ಇಳಿಯಿತು. ಅಜ್ಜಿ ಒಂದು ಬೆಳಿಗ್ಗೆ, ಅಮ್ಮ ಗಂಜಿ ಕುಡಿಸುತ್ತಿರುವಾಗಲೇ ಹೋಗಿಬಿಟ್ಟಳು. ಎಲ್ಲರಿಗಿಂತ ಹೆಚ್ಚು ಅತ್ತವಳು ಕಮಲಕ್ಕ. ಅಜ್ಜಿಯ ನಂತರ ವಠಾರದಲ್ಲಿ ಯಾರೂ ಕೌದಿ ಹಾಸಲಿಲ್ಲ. ಸ್ವಲ್ಪ ದಿನಕ್ಕೆ ಕಮಲಕ್ಕನ ಸಂಸಾರ ಗಿರಿನಗರದಲ್ಲಿ ಚಿಕ್ಕದೊಂದು ಮನೆ ಕಟ್ಟಿಕೊಂಡು ಹೊರಟುಹೋಯಿತು.

ನನ್ನ ಮದುವೆ ಕರೆಯೋಲೆ ಕೊಡಲು ಗಿರಿನಗರಕ್ಕೆ ಹೋದಾಗ ನನಗೆ ಇಪ್ಪತ್ತೆರಡು. ಅಷ್ಟು ವರ್ಷ ನಾನಾಗಿ ಅವಳನ್ನು ನೋಡಲು ಹೋದವಳಲ್ಲ. ಸುಮ ಸ್ಕೂಲಿಗೆ ಹೋಗಿದ್ದಳು. ಟೀವಿಯ ಮೇಲೆ ಅವಳ ಫೋಟೊ ಇತ್ತು, ಎರಡು ಜಡೆ, ಮುಂದಿನ ಹಲ್ಲು ಕೊಂಚ ಉಬ್ಬು. ಕಮಲಕ್ಕ ಕಾಫಿ ಕೊಟ್ಟು, ಕುಂಕುಮ ಇಟ್ಟು, ಒಳಗೆ ಹೋಗಿ ಕೌದಿ ತಂದಳು.

"ಸೀರೆ ಮದ್ವೇಲಿ ಕೊಡ್ತೀನಿ. ಇದು ಇವತ್ತೇ ತಗೊಂಡ್ ಹೋಗು. ನಿಮ್ಮಜ್ಜಿ ಕೈದು. ನಿನ್ನ ಮಕ್ಕಳಿಗಾಗತ್ತೆ."

ಬೇಡ ಎನ್ನಲು ಬಾಯಿ ತೆರೆದೆ. ಅವಳು ಆಗಲೇ ಅದನ್ನು ಬಿಡಿಸಿ ದಿವಾನದ ಮೇಲೆ ಹರಡಿದ್ದಳು. ನಡುವಿನಲ್ಲಿ ಕೆಂಪು ಇರಲಿಲ್ಲ. ಬಿಳಿ ಚುಕ್ಕೆಯ ಹಸಿರು ತುಂಡು ಇತ್ತು, ಹೊಲಿಗೆ ಅಂಕುಡೊಂಕು.

"ಇಲ್ಲಿದ್ದಿದ್ದು?" ಎಂದೆ.

"ಅದಾ? ಹೆಸರಿಟ್ಟಿದ್ ದಿನ ಅಜ್ಜಿ ಕಿತ್ತಾಕಕ್ಕೆ ನೋಡಿದ್ರಲ್ಲ. ಮಾರನೇ ದಿನಾನೇ ಬಿಚ್ಚಿ ನನ್ ಸೀರೆ ತುಂಡು ಹಾಕ್ದೆ. ಅವ್ರಿಗೆ ಬೇಡ ಅನ್ಸಿದ್ದು ನನ್ ಮಗು ಮೈಮೇಲೆ ಯಾಕಿರ್ಬೇಕು? ನೀನು ಆರಿಸಿದ್ದು ಅಂತ ಸಾವಿತ್ರಮ್ಮ ಹೇಳಿದ್ರು. ನಿಂಗೆ ಬೇಜಾರಾಗತ್ತೆ ಅಂತ ಯಾರಿಗೂ ಹೇಳ್ಲಿಲ್ಲ."

ನಾನು ಗೌರಿಯ ವಿಷಯ ಹೇಳಿದೆ. ನಾಲ್ಕು ತಿಂಗಳ ವಿಷಯವನ್ನೂ ಹೇಳಿದೆ. ಅಜ್ಜಿಯ ಕೈ, ಆ ಗೋಡೆ, ಅಪ್ಪ ಯಾಕೆ ಬಾಯಿ ಮುಚ್ಚಿಸಿದ, ನಾನು ಕತ್ತರಿ ಇಟ್ಟುಕೊಂಡು ಬಂದದ್ದು. ಕಮಲಕ್ಕನ ಮುಖ ಮೆಲ್ಲನೆ ಬಣ್ಣಗೆಟ್ಟಿತು.

"ಗೋಡೆ ತಟ್ಟೋದು ನಂಗ್ ಕೇಳ್ತಿತ್ತು ಗಿರಿಜಾ. ದಿನಾ ಕೇಳ್ತಿತ್ತು. ನೋವಿಗೆ ಅಂದ್ಕೊಂಡಿದ್ದೆ." ಹಸಿರು ತುಂಡನ್ನು ಸವರುತ್ತಾ, "ಮಗೂನ ಈ ಕೌದೀಲೇ ಎತ್ಕೊಂಡ್ ಬಂದು ಒಂದ್ ಸಲ ತೋರ್ಸಿದ್ರೆ ಸಾಕಾಗಿತ್ತು, ಅಲ್ವಾ?" ಎಂದಳು.

ಕೌದಿ ಮಡಚಲು ಅವಳೊಂದು ತುದಿ ಹಿಡಿದಳು, ನಾನೊಂದು ತುದಿ ಹಿಡಿದೆ. ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೆಯೇ ನಿಂತೆವು. ಮಡಚಲು ಇಬ್ಬರಿಗೂ ಕೈ ಬರಲಿಲ್ಲ.